ಮುಗಿಯದ ಬೆದೆ

ಫಾರಮಿನಲ್ಲಿ ಮಾಲೀಕ ಎಂಬಲ್ಲಿ ಗೆರೆ ಎಳೆದ ಇದ್ದಿನಬ್ಬ.
"ನಂದಲ್ಲ ಮಾರಾಯ್ತಿ, ಯಾರ್ಡಿನದ್ದು.
ರಾತ್ರಿ ದೋಣಿ ಕಾಯುವಾಗ
ಹತ್ತಿರ ಬಂದು ಮಲಗ್ತದೆ, ಅಷ್ಟೆ.
ನಮಾಜಿಗೆ ಬೇರೆ ಲುಂಗಿ ಇಟ್ಟಿದ್ದೇನೆ."

ಎಷ್ಟು ದಿನದಿಂದ ರಕ್ತ, ಅಂದೆ.
ಫ್ಯಾನು ನೋಡಿದ, ನೆಲ ನೋಡಿದ,
ಹೆಂಗಸಿನೆದುರು ಬಾಯಿಗೆ ಬಾರದ್ದನ್ನು
ಬೆರಳಲ್ಲಿ ಎಣಿಸಿದ:
ಉಪವಾಸ ಹಿಡಿಯುವ ಮೊದಲೇ ಶುರು,
ಹಬ್ಬ ಕಳೆಯಿತು, ಇನ್ನೂ ಉಂಟು.
"ಗಂಡುನಾಯಿಗಳು ಬಿಡುವುದಿಲ್ಲ.
ಉಮ್ ಅಲ್ ಕುವೈನಿನಲ್ಲಿ ಇಷ್ಟು ನಾಯಿ ಉಂಟೆಂದೇ
ನನಗೆ ಗೊತ್ತಿರಲಿಲ್ಲ.
ಹಗ್ಗ ಬೀಸಿ ಬೀಸಿ ಭುಜ ಹೋಯ್ತು."

ಹತ್ತಿಕಡ್ಡಿಯನ್ನು ಗಾಜಿನ ಮೇಲೆ ಉರುಳಿಸಿ ನೀಲಿ ಹಾಕಿದೆ.
ಮಸೂರದಡಿ ಕೋಶಗಳೆಲ್ಲ ಒಡೆದ ಹಪ್ಪಳದ ಚೂರು,
ಮೂಲೆ ಚೂಪು, ನಡುವೆ ಬೀಜವಿಲ್ಲ.
ಬೆದೆಯ ಕೋಶಗಳು, ಸಂಶಯವಿಲ್ಲ.
ಆದರೆ ಬೆದೆ ಮೂರು ವಾರದ್ದು.
ಇದು ಯಾರು ಬರೆದ ಪಂಚಾಂಗ?

ಡಾಕ್ಟರ್ ಇಂತಿಸಾರ್ ಜೆಲ್ಲನ್ನು ಅಂಗೈಯಲ್ಲಿ ಬಿಸಿ ಮಾಡಿ
ಹೊಟ್ಟೆಗೆ ಸವರಿದರು.
ಎಡ ಮೂತ್ರಪಿಂಡದ ಹಿಂದೆ ಕೈ ನಿಂತಿತು.
ಅಲಸಂದೆ ಕಾಳಿನಷ್ಟಿರಬೇಕಾದ ಅಂಡಾಶಯ
ಮೂಸಂಬಿಯಷ್ಟು, ಒಳಗೆ ಕೋಣೆ ಕೋಣೆ,
ಕೋಣೆ ತುಂಬ ಕಪ್ಪು ನೀರು.
"ಇಪ್ಪತ್ತೆರಡು ವರ್ಷದಲ್ಲಿ ಇದು ಮೂರನೆಯದು"
ಅಂದರು, ಅಪರೂಪದ ಹಕ್ಕಿ ಕಂಡವರ ದನಿಯಲ್ಲಿ.
ಆಮೇಲೆ ನಾಚಿಕೊಂಡರು.

ಎದೆಯ ಎಕ್ಸ್‌ರೇಯಲ್ಲಿ ಚುಕ್ಕಿ ಇಲ್ಲ.
"ಕಾಣುವಂಥ ಚುಕ್ಕಿ" ಎಂದು ತಿದ್ದಿ ಬರೆಸಿದರು.
ಪ್ಲೇಟ್‌ಲೆಟ್ಟು ಮಾತ್ರ ಇಪ್ಪತ್ತೊಂದು ಸಾವಿರ:
ಗಂಡುಗಳನ್ನು ಕರೆಯುತ್ತಿದ್ದ ಅದೇ ಹಾರ್ಮೋನು
ಮೂಳೆಯೊಳಗಿನ ಮಜ್ಜೆ ಒಣಗಿಸಿತ್ತು.
ಕತ್ತಿ ಇಟ್ಟರೆ ರಕ್ತ ನಿಲ್ಲದು,
ಇಡದಿದ್ದರೂ ನಿಲ್ಲದು.

ಗಿಡುಗ ಸಾಕುವ ಮನೆಯೊಂದರಿಂದ
ಸಲೂಕಿ ಬಂತು, ಎಸಿ ಕಾರಿನಲ್ಲಿ,
ಕಾಲೆಲ್ಲ ಬಿದಿರು.
ಒಂದು ಚೀಲ ರಕ್ತ ಕೊಟ್ಟು,
ಡಬ್ಬಿಯ ಮೀನು ತಿಂದು,
ಯಾರ ಮುಖವನ್ನೂ ನೋಡದೆ ಹೋಯಿತು.

ಎರಡು ಅಂಡಾಶಯ, ಗರ್ಭಕೋಶ,
ಗಡ್ಡೆಯ ಸಿಪ್ಪೆ ಬಿರಿಯದ ಹಾಗೆ ತೆಗೆದು
ಫಾರ್ಮಲಿನ್ ಬಾಟಲಿಗೆ ಹಾಕುವಾಗ
ಚೀಟಿ ಅಂಟಿಸಬೇಕು, ನಾಯಿಯ ಹೆಸರು?
ಹೊರಗೆ ಹೋಗಿ ಕೇಳಿದೆ.
ಬಿಸಿಲಲ್ಲೇ ನಿಂತಿದ್ದ.
"ಹೆಸರು ಅಂತ ಇಟ್ಟಿಲ್ಲ.
ಬಾ ಅಂದರೆ ಬರ್ತದೆ."

ಬಾ ಎಂದೇ ಬರೆದೆ.
ಹನ್ನೊಂದು ದಿನದ ಮೇಲೆ ಪರದೇಶದಿಂದ ವರದಿ:
ಬಾ, ಹೆಣ್ಣು, ಸುಮಾರು ಏಳು ವರ್ಷ.
ಗ್ರಾನುಲೋಸಾ ಕೋಶಗಳ ಗಡ್ಡೆ.
ಅಂಚು ಶುದ್ಧ. ಮೂರು ತಿಂಗಳಿಗೊಮ್ಮೆ ನೋಡುತ್ತಿರಿ.

ಹೊಲಿಗೆ ಬಿಚ್ಚುವ ದಿನ ಇದ್ದಿನಬ್ಬ ಹೇಳಿದ:
ಗಂಡುಗಳು ಒಂದು ರಾತ್ರಿ ಗೇಟಿನ ತನಕ ಬಂದವು,
ಮೂಸಿದವು, ಹೋದವು.
ಈಗ ಹಲಗೆಗೆ ನೀರು ತಟ್ಟುವ ಸದ್ದೊಂದೇ.
"ನಿದ್ದೆ ಬರುವುದಿಲ್ಲ, ಎಂತ ಮಾಡುವುದು?"

ಮಾಲೀಕ ಎಂಬಲ್ಲಿ ಆ ಗೆರೆ ಹಾಗೇ ಇದೆ.
ಫೋನ್ ನಂಬರು ಮಾತ್ರ ಎರಡು ಕೊಟ್ಟಿದ್ದಾನೆ:
ತನ್ನದೊಂದು,
ತಾನು ಎತ್ತದಿದ್ದರೆ ಎಂದು
ಕ್ರೇನಿನವನದು.