ಸಕ್ರಿ ಕಮ್ಮಿ

ದುಧನಿ ರೋಡಿಗೆ, ಕಾರಖಾನಿ ಗೇಟಿನ ಎದುರಿಗೆ
ನನ್ನ ಚಾದ ಗಾಡಿ. ಇಪ್ಪತ್ತೆರಡು ವರ್ಷ
ಒಂದು ಕಿಟ್ಲಿ ಇಳಿಸಿದ್ರ ಒಂದು ಗುಟುಕು ನಂದು.
ರುಚಿ ನೋಡದ ಕೊಟ್ಟಾಂವ ಅಲ್ಲ ನಾ.

ಕಾಲಿನ ಗಾಯ ದೀಪಾವಳಿ ಬಂದ್ರೂ ಮಾಯಲಿಲ್ಲ.
ಅಕ್ಕಲಕೋಟಿಗೆ ಹೋದೆ. ಪಾಂಢರೆ ಡಾಕ್ಟರು
ಬಟ್ಟು ಚುಚ್ಚಿ, ಚೀಟಿ ಬರದು, ಮರಾಠಿಯೊಳಗ ಅಂದ್ರು:
ಬಿಳೀದೆಲ್ಲಾ ಬಂದ್. ಸಕ್ರಿ, ಅನ್ನ, ಮೈದಾ.
ಪಾಂಢರೆ ಅಂದ್ರೂ ಬಿಳೀನ ಅಲ್ಲೇನ್ರಿ,
ನಿಮ್ಮನ್ನೂ ಬಿಡಬೇಕೇನು ಅಂತ ಕೇಳಾಂವ ಇದ್ದೆ.
ಕೇಳಲಿಲ್ಲ. ಫೀ ಮುನ್ನೂರು.

ಮೊದಲ ವಾರ ನಾಲಿಗಿ,
ಸಂತಿಗೆ ಬಿಟ್ಟುಹೋದ ಹುಡುಗನ ಹಾಂಗ
ನೆಲಕ್ಕ ಬಿದ್ದು ಉಳ್ಳಾಡಿತು.
ರಾತ್ರಿ ಕನಸಿನಾಗ ಕಾರಖಾನಿ ಗೋದಾಮು,
ಚೀಲದ ಮ್ಯಾಲೆ ಚೀಲ, ನಾ ಇರಿವ್ಯಾಗಿ ಹತ್ತಲತ್ತೀನಿ.
ಬಾಗಿಲದಾಗ ಪಾಂಢರೆ ಡಾಕ್ಟರು, ಕೈಯಾಗ ಚಪ್ಪಲಿ.

ಮೂರನೇ ತಿಂಗಳಿಗೆ ಬ್ಯಾರೇನ ಸುರುವಾತು.
ಹಸಿ ಉಳ್ಳಾಗಡ್ಡಿ ಸಿಹಿ ಹತ್ತಿತು.
ಹಾಲಿಗೆ ತನ್ನದ ಒಂದು ಸವಿ ಇರತದಂತ
ಐವತ್ನಾಕನೇ ವರ್ಷಕ್ಕ ತಿಳೀತು.
ಜ್ವಾಳದ ರೊಟ್ಟಿ ಅಗದು ಅಗದು,
ಇನ್ನೇನು ನುಂಗಬೇಕು ಅನ್ನೂದ್ರಾಗ,
ದವಡಿ ಸಂದ್ಯಾಗಿಂದ ಸಣ್ಣಗ ಸಿಹಿ ಬಂದು ಹೋಗತದ.
ಕರದ್ರ ಬರೂದಿಲ್ಲ.
"ಬಾಯಾಗ ಏನಿಟಗೊಂಡಿ?" ಅಂತಾಳ ಕಾಶಮ್ಮ.
ರೊಟ್ಟಿ ಅಂದ್ರ ನಂಬಂಗಿಲ್ಲ,
ಅಂಗಿ ಕಿಸೆ ತಡಕತಾಳ.

ಆದ್ರ ಚಾ ಕೆಡ್ತು.
ಅರ್ಧ ಚಮಚ ಹಾಕಿ ನೋಡಿದ್ರ
ನನಗ ಪಾಕ, ಮಂದಿಗೆ ಬಿಸಿನೀರು.
ವಜನ ಕಾಂಟಾದ ಕ್ಲಾರ್ಕು ಕಪ್ಪು ಹಾಂಗ ಇಟ್ಟು ಎದ್ದ.
ಟ್ರ್ಯಾಕ್ಟರ್ ಡ್ರೈವರಗೋಳು ಆಚಿ ಗಾಡಿ ಹಿಡದರು.
ಹೋಗಲಿ ಅಂದೆ. ಅವರ ಕಾಲಿಗೆ ಇನ್ನಾ ಗಾಯ ಆಗಿಲ್ಲ.
ಪುಣ್ಯ ಹಂಚಲತ್ತೀನಿ ಅಂತ
ಒಳಗ ಒಂದಿಷ್ಟು ಹಮ್ಮೂ ಬಂತು.

ಒಂದಿನ ನಸುಕಿನ್ಯಾಗ, ಕೈ ಸೆಟದು ಹೋಗೂ ಥಂಡಿ,
ಬೀಡ ಕಡಿಂದ ಕಬ್ಬು ಕಡ್ಯಾಕ ಬಂದ ಗಯಾಬಾಯಿ
ಒಂದು ಗುಟುಕು ಕುಡದು ಗ್ಲಾಸು ಮುಂದ ಹಿಡದಳು.
"ಇನ್ನೆರಡು ಚಮಚ ಹಾಕು, ಮಾಮಾ."
ನಾ ಪುರಾಣ ಬಿಚ್ಚಿದೆ. ಗಾಯ, ಚೀಟಿ, ಬಿಳೀದು, ಕರೀದು.
ಊದಕೋಂತ ಎಲ್ಲಾ ಕೇಳಿದಳು.
"ಮಧ್ಯಾಹ್ನ ಆಗೂತನಾ ನನಗ ಇದ ಊಟ.
ಇದರ ಮ್ಯಾಲೆ ಒಂದು ಟನ್ನು ಕಡೀಬೇಕು.
ನೀ ಬಿಡಪಾ. ನಿನಗ ರೊಟ್ಟಿ ಅದ."

ಎರಡು ಹಾಕಿದೆ. ಕೈ ನಿಲ್ಲದ ಮತ್ತರ್ಧ.

ಈಗ ಡಬ್ಬಿ ಹೊರಗ ಇಟ್ಟೀನಿ, ಚಮಚಾನೂ.
ಯಾರ ಸಿಹಿ ಅವರ ಅಳಕೊಳ್ಳಲಿ.
ಕಿಲೋಕ್ಕ ನಲವತ್ನಾಕು ಅಂತ ಕಾಶಮ್ಮ ಬೈತಾಳ.
ಮಾರಿ ನೋಡಿದ್ರ ಕ್ಲಾರ್ಕು ನಾಕು ಹಾಕೊಂಡ, ನಾ ಆಕಡಿ ನೋಡಿದೆ.
ಡಬ್ಬಿ ಬಾಯಿಗೆ ಸಾಲು ಹಿಡದು ಇರಿವಿ ಬರತಾವ.
ಅವಕ್ಕ ನಾ
ಪಾಂಢರೆ ಡಾಕ್ಟರ ಸುದ್ದಿ ಹೇಳಂಗಿಲ್ಲ.