ಗುರುತಿನ ಮಚ್ಚೆ

ವಿಮೆ ಏಜೆಂಟಾದ ಮೇಲೆ
ಜೊತೆಯಲ್ಲಿ ಓದಿದವರು ನನ್ನ ಫೋನು ಎತ್ತುವುದು ಕಡಿಮೆ.
"ಹೇಗಿದ್ದೀಯೇ?" ಅಂದರೆ ಸಾಕು
ಆ ಕಡೆ ಕುಕ್ಕರ್ ಕೂಗುತ್ತದೆ,
ಯಾರೋ ಬಾಗಿಲು ತಟ್ಟುತ್ತಾರೆ.
ಒಂದು ಸಲವಂತೂ ನಳಿನಾಕ್ಷಿ
ದನಿ ದಪ್ಪ ಮಾಡಿಕೊಂಡು
"ನಳಿನಾಕ್ಷಿ ಊರಲ್ಲಿಲ್ಲ" ಎಂದಳು.
ಅದೇ ದನಿ ಕಣೆ,
ಸ್ಕೂಲ್ ಡೇಗೆ ನೀನು ಕಂಸನಾಗಿ ಗುಡುಗಿದ್ದು.
ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ
ಮೀಸೆಯ ಪಾರ್ಟಿಗೆಲ್ಲ ನೀನೇ ಗತಿ.
ಆಗಲಿ, ಬಂದ ಮೇಲೆ ತಿಳಿಸಿ ಎಂದು ಇಟ್ಟೆ.

ಕೊನೆಯ ಪರೀಕ್ಷೆಯ ದಿನ
ಬಿಳಿ ದಾವಣಿಗಳಿಗೆ ಇಂಕು ಎರಚಿಕೊಂಡೆವು.
ಮೂರು ಜನರ ಲಗ್ನಪತ್ರಿಕೆ
ರಿಸಲ್ಟಿಗಿಂತ ಮುಂಚೆ ಬಂತು.
ಆಮೇಲೆ ಯಾರು ಯಾರಿಗೂ ಇಲ್ಲ.

ಈಗ ಶಿಡ್ಲಘಟ್ಟದಲ್ಲಿ ಯಾರ ಮನೆ ಎಲ್ಲಿ ಎಂದು
ಪೋಸ್ಟ್‌ಮ್ಯಾನಿಗಿಂತ ನನಗೆ ಚೆನ್ನಾಗಿ ಗೊತ್ತು.
ಫಾರಂ ತುಂಬುವವಳು ನಾನೇ.
ಹುಟ್ಟಿದ ದಿನ ಕೇಳುವುದಿಲ್ಲ,
ಅರ್ಧ ಕ್ಲಾಸಿಗೆ ಜೂನ್ ಒಂದು.
ಒಂದನೇ ಕ್ಲಾಸಿನ ಮೇಷ್ಟ್ರು
ಒಂದೇ ಪೆನ್ನಿನಲ್ಲಿ ಹಡೆದ ಮಕ್ಕಳು ನಾವು.

ಗುರುತಿನ ಮಚ್ಚೆಯನ್ನೂ ಕೇಳುವುದಿಲ್ಲ.
ಮುನಿರತ್ನಮ್ಮನ ಎಡ ಮೊಣಕಾಲಿನ ಮೇಲೆ
ಖೋಖೋ ಕಂಬದ ಮೊಳೆ ಗೀರಿದ ಗಾಯ.
ಬರೆಯುತ್ತಿದ್ದರೆ ಅವಳ ಗಂಡ ಬಗ್ಗಿ ನೋಡಿ
"ನಿಮಗೆ ಹೇಗೆ ಗೊತ್ತು?" ಎಂದ.
ಅಟ್ಟಿಸಿಕೊಂಡು ಹೋದವಳು ನಾನು, ಎಂದೆ.

ಚೂಡಾಮಣಿಯ ಅಂಗೈಯಲ್ಲಿ
ಪೆನ್ಸಿಲ್ ಮೊನೆ ಮುರಿದುಕೊಂಡ ಚುಕ್ಕೆ.
ಚುಚ್ಚಿದ್ದೂ ನಾನೇ. ಲೆಕ್ಕದಲ್ಲಿ ಅವಳಿಗೆ
ಒಂದು ಮಾರ್ಕು ಜಾಸ್ತಿ ಬಂದಿತ್ತು.
ಪಾಲಿಸಿ ಬೇಡ ಅಂದಳು.
ಹಾಗೇ ಇದೆ ನೋಡು ಎಂದು ಅಂಗೈ ಬಿಡಿಸಿ ತೋರಿಸಿ
ಮಜ್ಜಿಗೆ ಕೊಟ್ಟು ಕಳಿಸಿದಳು.

ಮೆಹರುನ್ನಿಸಾಳದು ರೀಲಿಂಗ್ ಮನೆ.
ಬೆಂದ ಹುಳುವಿನ ಆ ವಾಸನೆ
ಹತ್ತನೇ ಕ್ಲಾಸಿನ ಕಿಟಕಿಯಿಂದ ಬಂದಾಗೆಲ್ಲ
ನಾವು ಸಾಲುಸಾಲಾಗಿ ಮೂಗು ಮುಚ್ಚುತ್ತಿದ್ದೆವು,
ಅವಳೊಬ್ಬಳು ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ.
ಎಷ್ಟು ಓದುತ್ತಾಳಪ್ಪ ಅಂದುಕೊಂಡಿದ್ದೆ.

ಕುದಿನೀರಿನಲ್ಲಿ ಎಳೆ ಹುಡುಕಿ ಹುಡುಕಿ
ಬೆರಳ ತುದಿಗಳು ನುಣ್ಣಗೆ ಸವೆದಿವೆ.
ರೇಷನ್ ಅಂಗಡಿಯ ಯಂತ್ರ
ಅವಳನ್ನು ಅವಳೆಂದು ಒಪ್ಪುವುದಿಲ್ಲವಂತೆ.
ಗುರುತಿನ ಮಚ್ಚೆ ಎನ್ನುವಲ್ಲಿ ನನ್ನ ಪೆನ್ನು ನಿಂತಿತು.
"ಏನೂ ಇಲ್ಲ ಅಂತ ಬರ್ಕೊಳೇ" ಅಂದು ನಕ್ಕಳು.
ಮುಂದಿನ ಹಲ್ಲಿನ ಮೇಲೆ ಹತ್ತಿ ಕೂತ ಹಲ್ಲು.
ಅದನ್ನೇ ಬರೆದೆ.

ಕೊನೆಯ ಪುಟ ಏಜೆಂಟಿನದು.
ಇವರನ್ನು ಎಷ್ಟು ವರ್ಷದಿಂದ ಬಲ್ಲಿರಿ?
ಮೂವತ್ತಮೂರು.
ನಡುವೆ ಕಾಣದೆ ಇದ್ದ ಹತ್ತೊಂಬತ್ತನ್ನು
ಕಳೆಯಬೇಕೋ ಏನೋ, ಫಾರಂ ಹೇಳುವುದಿಲ್ಲ.
ಸಂಬಂಧಿಕರೇ? ಹೌದು, ಅಲ್ಲ;
ಒಂದನ್ನು ಹೊಡೆದುಹಾಕಿ.
ಪ್ರತಿ ಸಲವೂ ಹೌದನ್ನೇ ಹೊಡೆಯುತ್ತೇನೆ.
ಕೆಲವು ಸಲ ಮೆಲ್ಲಗೆ.

ಮೂರು ತಿಂಗಳಿಗೊಮ್ಮೆ ಅವಳ ಕಂತು.
ಗೂಡಿನ ಮಾರ್ಕೆಟ್ ಹಿಂದಿನ ಗಲ್ಲಿ,
ಮೋಟಾರಿನ ಸದ್ದು, ಕಾಲಡಿ ನೀರು,
ಸೀರೆ ಎತ್ತಿಕೊಂಡು ಒಳಗೆ ಹೋಗಬೇಕು.
ಹೋದ ಸಲ ಹೇಳಿದೆ:
ಮೊಬೈಲಿನಲ್ಲೇ ಕಟ್ಟಬಹುದು ಕಣೆ,
ಮಗಳಿಗೆ ಹೇಳು, ಒಂದು ನಿಮಿಷದ ಕೆಲಸ,
ನಾನು ಬರುವವರೆಗೆ ಯಾಕೆ ಕಾಯುತ್ತೀ?

ಒದ್ದೆ ಕೈ ಒರೆಸಿ ನೋಟು ಎಣಿಸುತ್ತಿದ್ದವಳು
ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಶುರುಮಾಡಿದಳು.
"ವರ್ಷಕ್ಕೊಂದೇ ಸಲ ಕಟ್ಟಬಹುದು ಅಂತ
ಅವತ್ತೇ ಹೇಳಿದ್ದೆಯಲ್ಲ," ಅಂದಳು,
"ಮೂರು ತಿಂಗಳದು ಕೇಳಿದವಳು ನಾನೇ."

ಟೀ ಬಂತು.
ರಸೀದಿ ಪುಸ್ತಕ ತೆಗೆದು
ಕಾರ್ಬನ್ ಸರಿಮಾಡಿ
ನಿಧಾನವಾಗಿ ಅವಳ ಪೂರ್ತಿ ಹೆಸರು ಬರೆದೆ.