ಕಿಟಕಿ ಮುಚ್ಚುವವನು

ಮೂವತ್ತೊಂದು ವರ್ಷ ಈ ಶಾಲೆಯ ಕಿಟಕಿ ಮುಚ್ಚಿದವನು ನಾನು, ಗವ್ರಿಲ.
ಅಕ್ಟೋಬರ್ ಕೊನೆಗೆ ಏಣಿ, ಉಣ್ಣೆಯ ಪಟ್ಟಿ, ಡಬ್ಬಿ ತುಂಬ ಅಂಟು.
ನಮ್ಮ ರೊಮೇನಿಯದಲ್ಲಿ ಸಂದಿಗಾಳಿಗೆ ಹೆದರದ ಗಂಡಸು ಹುಟ್ಟಿಲ್ಲ:
ಹಲ್ಲುನೋವು, ಕತ್ತುನೋವು, ಅತ್ತೆಯ ಸಿಡುಕು
ಎಲ್ಲಕ್ಕೂ ಎದುರುಬದುರು ತೆರೆದ ಎರಡು ಕಿಟಕಿಯೇ ಮೂಲ.

ಈ ಚಳಿಗಾಲ ಮಕ್ಕಳು ಕಪ್ಪು ಡಬ್ಬಿಗಳನ್ನು ತಂದರು
ನಶ್ಯದ ಡಬ್ಬಿಯಷ್ಟು, ಮುಷ್ಟಿಯಲ್ಲಿ ಅಡಗುವಂಥವು.
ಪೋರ್ಚುಗಲ್ಲಿನ ಯಾವುದೋ ಕಲ್ಲುಬೆಟ್ಟದ ಶಾಲೆಯಿಂದ
ಅಂಚೆಯಲ್ಲಿ ಬಂದವಂತೆ, ಜೊತೆಗೊಂದು ಪೊಟ್ಟಣ ಒಣ ಅಂಜೂರ.
‘ಕಪಾಟಿನ ಮೇಲಿಡುತ್ತೇವೆ, ಮೂರು ತಿಂಗಳು ಮುಟ್ಟಬೇಡಿ ಮಾಮ,
ಧೂಳೂ ಒರೆಸಬೇಡಿ’ ಎಂದಳು ಕ್ರೆಂಗುತ್ಸ.
ಧೂಳು ಒರೆಸಬೇಡ ಎಂದು ಈ ಕಟ್ಟಡದಲ್ಲಿ
ನನಗೆ ಯಾರೂ ಹೇಳಿರಲಿಲ್ಲ.

ಒಳಗೇನಿದೆ?
ಉಗುರಿನಷ್ಟು ಪ್ಲಾಸ್ಟಿಕ್ ಬಿಲ್ಲೆ.
ಏನು ಮಾಡುತ್ತದೆ?
ಸುಮ್ಮನೆ ಕೂತು ಏಟು ತಿನ್ನುತ್ತದೆ.

ರೇಡಾನ್ ಅಂದರು. ಬಣ್ಣವಿಲ್ಲ, ವಾಸನೆಯಿಲ್ಲ,
ನೆಲದ ಬಿರುಕಿನಿಂದ ಬೆಕ್ಕಿನ ಹಾಗೆ ಒಳಬರುತ್ತದೆ,
ಒಲೆ ಉರಿದಷ್ಟೂ ಮೇಲಕ್ಕೆ ಸೆಳೆಯುತ್ತದೆ ಮನೆ.
ನನಗೆ ಹಳೆಯ ಗಣಿ ನೆನಪಾಯಿತು. ಈ ಗೋಡೆಯ ಬುಡದ ಕಲ್ಲು ಅಲ್ಲಿಯದೇ,
ಪುಕ್ಕಟೆ ಕಲ್ಲು; ಲಾರಿಯವನಿಗೆ ಒಂದು ಬಾಟಲಿ ಪ್ಲಮ್ ಸಾರಾಯಿ.
ಇಳಿಸಿದ ಕೈಗಳಲ್ಲಿ ಎರಡು ನನ್ನವು.

ಎಣಿಸುವ ಕರಾರು ಚೆನ್ನಾಗಿತ್ತು:
ನಮ್ಮ ಬಿಲ್ಲೆ ಅವರು, ಅವರ ಬಿಲ್ಲೆ ನಾವು.
ತನ್ನ ಮನೆಯ ಲೆಕ್ಕಕ್ಕೆ ಕೂತರೆ ಯಾರ ಬೆರಳಾದರೂ
ಒಂದೆರಡು ಹಾರಿಸಿಬಿಡುತ್ತದಲ್ಲ.

ಫೆಬ್ರವರಿಯ ಗುರುವಾರ ಪರದೆಯಲ್ಲಿ ಜಸಿಂತ ಎಂಬ ಹುಡುಗಿ,
ಇಬ್ಬರಿಗೂ ತಮ್ಮದಲ್ಲದ ಭಾಷೆಯಲ್ಲಿ ಒಂದೊಂದೇ ಕೋಣೆ ಓದಿದಳು.
ವ್ಯಾಯಾಮದ ಹಾಲು, ನೂರ ನಲವತ್ತು. ಗ್ರಂಥಾಲಯ, ಇನ್ನೂರ ಹತ್ತು.
ಮುನ್ನೂರು ದಾಟಬಾರದಂತೆ.
ನಾಲ್ಕನೇ ಕೋಣೆ ಬಂದಾಗ ನೀರು ಕುಡಿದಳು.
‘ಮೂರು ಸಲ ಎಣಿಸಿದೆ’ ಎಂದಳು ಮೊದಲು, ಆಮೇಲೆ
ಎಂಟುನೂರ ಹನ್ನೆರಡು.

ನಾಲ್ಕನೇ ಕೋಣೆ ಒಂದನೇ ತರಗತಿಯದು.
ಮಕ್ಕಳು ಚಿಕ್ಕವು ಅಂತ ಅಲ್ಲಿ ಪಟ್ಟಿ ಎರಡು ಸುತ್ತು ಹೊಡೆದಿದ್ದೆ,
ನೆಲದ ಹತ್ತಿರದ ಗಾಳಿಕಿಂಡಿಗೂ ಇಟ್ಟಿಗೆ ಇಟ್ಟು ಗಾರೆ ಮೆತ್ತಿದ್ದೆ,
ಬಹುಮಾನ ಸಿಗುವಷ್ಟು ನೀಟಾಗಿ.

ವೆತೂರಿಯ ಟೀಚರು ಇಪ್ಪತ್ತೆರಡು ವರ್ಷ ಅಲ್ಲೇ ಅಕ್ಷರ ತಿದ್ದಿಸಿದರು.
ಹೋದದ್ದು ಶ್ವಾಸಕೋಶದ ಕಾಯಿಲೆಯಲ್ಲಿ.
ಸಿಗರೇಟೂ ಇತ್ತು, ದಿನಕ್ಕೆ ಹತ್ತು, ನನ್ನ ಲೈಟರಿನಿಂದಲೇ.
ಯಾವುದರಿಂದ, ಎಂದು ಕ್ರೆಂಗುತ್ಸಳನ್ನು ಕೇಳಿದೆ.
‘ಗೊತ್ತಿಲ್ಲ’ ಎಂದಳು. ‘ಒಬ್ಬರ ವಿಷಯದಲ್ಲಿ ಹೇಳಲಾಗದು, ಮಾಮ.’
ಗೊತ್ತಿಲ್ಲ ಎನ್ನುವುದನ್ನು ಈ ಮಕ್ಕಳು ಎಲ್ಲಿ ಕಲಿತರೋ.
ನಮ್ಮ ಕಾಲಕ್ಕೆ ಅದಕ್ಕೆ ಬೆತ್ತದ ಏಟಿತ್ತು.

ಅವರ ಬಿಲ್ಲೆಯೊಂದನ್ನು ನನಗೂ ತೋರಿಸಿದಳು.
ಒಂದು ಕಣ್ಣು ಮುಚ್ಚಿ ಸೂಕ್ಷ್ಮದರ್ಶಕಕ್ಕೆ ಬಗ್ಗಿದೆ:
ಹುಳು ಕೊರೆದ ಬೆಂಚು! ಅದನ್ನು ನಾನು ಬಲ್ಲೆ.
ಚೌಕದೊಳಗೆ ಎಣಿಸಿದೆ, ನಲವತ್ತೊಂದು.
‘ನಲವತ್ಮೂರು. ಎರಡು ಬಿಟ್ಟಿರಿ.’

ನೆಲದಡಿಯ ಕೊಳವೆ, ಫ್ಯಾನು, ಹಣ ಮಂಜೂರಾದರೆ ಬೇಸಿಗೆಗೆ.
ಅಲ್ಲಿಯವರೆಗೆ ಪ್ರತಿ ಪೀರಿಯಡ್ಡಿಗೆ ಹತ್ತು ನಿಮಿಷ ಕಿಟಕಿ ತೆರೆಯಬೇಕು.
ತೆರೆಯುತ್ತೇನೆ. ಒಂದನೇ ತರಗತಿ ಟೋಪಿ ಹಾಕಿಕೊಂಡು ಮಗ್ಗಿ ಹೇಳುತ್ತದೆ.
ತಾಯಿಯೊಬ್ಬಳು ಬಂದು ಮಗುವಿನ ಕಿವಿಗೆ ಗಾಳಿ ಹೊಕ್ಕಿತೆಂದು ಬೈದಳು;
ಅವಳ ಮಾತೆಲ್ಲ ನನ್ನ ಮಾತೇ, ಏನು ಉತ್ತರ ಕೊಡಲಿ?
ಸೌದೆ ಎರಡು ಗಾಡಿ ಹೆಚ್ಚು ಬೇಕು.

ಅಲ್ಲಿ ಕಿಟಕಿ ಮುಚ್ಚುವವರು ಯಾರು, ಕೇಳು ಎಂದೆ.
ಎರ್ಮೆಲಿಂದ ಎಂಬ ಹೆಂಗಸಂತೆ, ಅರವತ್ತೆರಡು,
ಸಂದಿಗೆ ಹಳೆಯ ಪತ್ರಿಕೆ ತುರುಕುತ್ತಾಳಂತೆ.
ಅವಳ ನೆಲಮಾಳಿಗೆಯ ಕೋಣೆಯೂ ಆರುನೂರು ದಾಟಿದೆ.
ಎಣಿಸಿದವರು ನಾವು, ಹೇಳಬೇಕಾದವರೂ ನಾವೇ.

ಬರೆ ಕ್ರೆಂಗುತ್ಸ, ಲೆಕ್ಕದ ಕೆಳಗೆ ನನ್ನದೂ ಒಂದು ಸಾಲು:
ಕಾಗದ ಒಣಗಿರುವಾಗ ಕೀಳಬೇಡ, ಬಣ್ಣ ಸಮೇತ ಬರುತ್ತದೆ.
ಬಿಸಿನೀರಲ್ಲಿ ಬಟ್ಟೆ ಅದ್ದಿ ಸ್ವಲ್ಪ ಹೊತ್ತು ಒತ್ತಿ ಹಿಡಿ,
ತಾನೇ ಬಿಡುತ್ತದೆ.